ಎಳೆ ಎಣಿಸೋಣ, ಕಸೂತಿ ಹಾಕೋಣ



ಇಳಕಲ್ ಸೀರೆಯ ಸೆರಗು ನೋಡೀರಲ್ಲ? ಅದರ ಮೇಲೆ ತೇರು, ಗೋಪುರ, ಆನೆ, ನವಿಲು, ತುಳಸಿ ಕಟ್ಟೆ ಇರುತ್ತವೆ. ಇದೇ ಕಸೂತಿ. ನಮ್ಮ ಧಾರವಾಡ ಸೀಮೆಯ ಹೆಣ್ಣುಮಕ್ಕಳ ಕೈಕೆಲಸ. ಹಿಂದೆ ಮದುಮಗಳ ಕರಿ ಚಂದ್ರಕಾಳಿ ಸೀರೆಯ ಮೇಲೂ ಕಸೂತಿ ಹಾಕುತ್ತಿದ್ದರು.

ಕಸೂತಿಗೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ದಾರಕ್ಕೆ ಗಂಟು ಹಾಕುವುದಿಲ್ಲ. ಎಣಿಸಲು ಬಂದರೆ ಅರ್ಧ ಕಸೂತಿ ಬಂದಂತೆ.

ಕಸೂತಿಯಲ್ಲಿ 4 ಹೊಲಿಗೆ. ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿ ಗೆರೆಯಂತೆ. ಮುರಗಿ ಮೆಟ್ಟಿಲಿನಂತೆ. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತೆ ಗುಣಿಸುವ ಗುರುತಿನಂತೆ. ಇವತ್ತು ಗವಂತಿ ಕಲಿಯೋಣ.

ಬೇಕಾದ ಸಾಮಾನು

ಒಂದು ಗೇಣು ಮ್ಯಾಟಿ ಬಟ್ಟೆ. ಅದರ ಎಳೆ ದಪ್ಪ, ಎಣಿಸಲು ಸುಲಭ. ಒಂದು ಸೂಜಿ. ಒಂದು ಲಡಿ ಕಸೂತಿ ದಾರ. ಈ ದಾರದಲ್ಲಿ 6 ಎಳೆ ಇರುತ್ತವೆ. 2 ಎಳೆ ಬಿಡಿಸಿಕೊಳ್ಳಿರಿ.

ಹಾಕುವ ರೀತಿ

1. ಸೂಜಿಯನ್ನು ಕೆಳಗಿನಿಂದ ಮೇಲೆ ತೆಗೆಯಿರಿ. ಕೆಳಗೆ ಒಂದು ಬೆರಳಿನಷ್ಟು ದಾರ ಬಿಡಿರಿ.

2. ಬಟ್ಟೆಯ 4 ಎಳೆ ಎಣಿಸಿರಿ. ಸೂಜಿ ಕೆಳಗೆ ಇಳಿಸಿರಿ.

3. ಮತ್ತೆ 4 ಎಳೆ ಬಿಟ್ಟು ಸೂಜಿ ಮೇಲೆ ತೆಗೆಯಿರಿ. ಹೀಗೆ 20 ಎಳೆಯವರೆಗೆ ಹೋಗಿರಿ. ಈಗ ಮೇಲೆ 3 ಹೊಲಿಗೆ, ನಡುವೆ 2 ಖಾಲಿ ಜಾಗ ಕಾಣುತ್ತವೆ.

4. ಅದೇ ದಾರಿಯಲ್ಲಿ ಹಿಂದಿರುಗಿರಿ. ಹಳೆಯ ತೂತಿನಲ್ಲೇ ಸೂಜಿ ಹಾಕಿ, ಖಾಲಿ ಜಾಗ ತುಂಬಿರಿ.

5. ಬಟ್ಟೆ ತಿರುವಿರಿ. ಮೊದಲು ಬಿಟ್ಟ ದಾರವನ್ನು ಹಿಂದಿನ ಕೊನೆಯ ಖಾಲಿ ಜಾಗದ ಮೇಲೆ ಹಾಯಿಸಿರಿ. ಎರಡೂ ತುದಿಗಳನ್ನು ಹೊಲಿಗೆಯೊಳಗೆ ನುಸುಳಿಸಿ ಕತ್ತರಿಸಿರಿ.

ಈಗ ನೋಡ್ರಿ. ಹಿಂದೆಯೂ ಮುಂದೆಯೂ ಒಂದೇ ಗೆರೆ! ಗಂಟಿಲ್ಲ. ಸೆರಗು ಯಾವ ಕಡೆ ತಿರುಗಿದರೂ ಚೆಂದ.

ಅವಸರ ಬ್ಯಾಡ್ರಿ. ಒಂದು ಎಳೆ ತಪ್ಪಿದರೂ ಹೋಗುವ ಗೆರೆ, ಬರುವ ಗೆರೆ ಕೂಡುವುದಿಲ್ಲ. ತಪ್ಪಿದ್ದು ಕಂಡ ಕೂಡಲೇ ಬಿಚ್ಚಿರಿ. ಹಗಲು ಬೆಳಕಿನಲ್ಲಿ ಕೂಡಿರಿ. ಆಗಾಗ ದೂರ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿರಿ.

ಕೂಲಿಯ ಲೆಕ್ಕ

ಕಸೂತಿ ಕಲಿತವರಿಗೆ ಮನೆಯಲ್ಲೇ ಕೆಲಸ ಸಿಗಬಹುದು. ಸೀರೆ ಕೊಡುವವರು "ಮುಗಿಸಿ ಕೊಡ್ರಿ, ಆಮೇಲೆ ನೋಡೋಣ" ಅಂದರೆ ಏನು ಮಾಡಬೇಕು? ಮೊದಲೇ ಕೂಲಿ ಕೇಳಬೇಕು. ಬರೆದಿಡಬೇಕು.

ಒಂದು ಸೀರೆಗೆ 20 ದಿನ ಹಿಡಿಯಿತು ಅನ್ನೋಣ. ದಿನಕ್ಕೆ 4 ತಾಸು ಕೂತಿರಿ. 20 × 4 = 80 ತಾಸು. ಕೂಲಿ 2,400 ರೂಪಾಯಿ ಕೊಟ್ಟರು. 2,400 ÷ 80 = 30. ತಾಸಿಗೆ 30 ರೂಪಾಯಿ ಬಿತ್ತು. ದಾರ ನಿಮ್ಮದೇ ಆದರೆ ಅದರ ಖರ್ಚನ್ನೂ ಕಳೆಯಿರಿ. ಇದು ಸಾಕೇ? ನೀವೇ ಯೋಚಿಸಿರಿ. ಲೆಕ್ಕ ಗೊತ್ತಿದ್ದರೆ ಹೆಚ್ಚು ಕೇಳಲು ಬಾಯಿ ಬರುತ್ತದೆ.

ಒಂದು ವಹಿ ಇಡಿರಿ. ಸೀರೆ ತಂದ ತಾರೀಖು, ಒಪ್ಪಿದ ಕೂಲಿ, ಕೊಟ್ಟ ಮುಂಗಡ ಬರೆಯಿರಿ. ಸೀರೆ ಕೊಟ್ಟವರ ಸಹಿ ಹಾಕಿಸಿಕೊಳ್ಳಿರಿ. ನಿಮ್ಮ ಸಹಿಯನ್ನೂ ಹಾಕಿರಿ. ಹೆಬ್ಬೆಟ್ಟು ಬ್ಯಾಡ, ಈಗ ನಿಮಗೆ ಬರೆಯಲು ಬರುತ್ತದೆ.

ಓದಿರಿ: ಎಳೆ, ಸೆರಗು, ಗವಂತಿ, ಮುರಗಿ, ಮುಂಗಡ, ಸಹಿ.

ಲೆಕ್ಕ ಮಾಡಿರಿ: 15 ದಿನ, ದಿನಕ್ಕೆ 3 ತಾಸು. ಕೂಲಿ 1,800 ರೂಪಾಯಿ. ತಾಸಿಗೆ ಎಷ್ಟು?

ಬರೆಯಿರಿ: ನಿಮ್ಮ ಮನೆಯಲ್ಲಿ ಕಸೂತಿ ಯಾರಿಗೆ ಬರುತ್ತದೆ? ಅವರಿಂದ ಒಂದು ಹೊಸ ಚಿತ್ರ ಕಲಿತು, ಅದರ ಹೆಸರನ್ನು ವಹಿಯಲ್ಲಿ ಬರೆಯಿರಿ.