64 ದೇಶಗಳ ಹೊಲದ ದಾರಿ

ಪಿಎಚ್.ಡಿ.ಗೆ ಅಂತರರಾಷ್ಟ್ರೀಯ ಕಾನೂನು ಹಿಡಿಯಲೋ, ತೌಲನಿಕ ಕಾನೂನು ಹಿಡಿಯಲೋ ಎಂದು ಕೇಳಿದ್ದೀ. ಯಾವುದನ್ನು ಹಿಡಿದರೂ ನನ್ನ ತಕರಾರಿಲ್ಲ. ಒಂದನ್ನು ಹಿಡಿದ ಮೇಲೆ ಇನ್ನೊಂದರ ಗೊಡವೆಯೇ ಬೇಡ ಎಂದುಕೊಂಡಿದ್ದೀಯಲ್ಲ, ತಕರಾರು ಇರುವುದು ಅಲ್ಲಿ.

ಅದು ನಿನ್ನ ತಪ್ಪಲ್ಲ ಮಾರಾಯ್ತಿ, ನಾವು ಮೇಷ್ಟ್ರುಗಳು ಪಾಠ ಮಾಡಿದ್ದೇ ಹಾಗೆ. ಎಲ್‌ಎಲ್‌ಬಿಯಲ್ಲಿ ಅಂತರರಾಷ್ಟ್ರೀಯ ಕಾನೂನು ಒಂದು ಪೇಪರು. ಒಪ್ಪಂದ, ರೂಢಿ, ಮಾನ್ಯತೆ, ಸಮುದ್ರ ಎಂದು ಸಿಲಬಸ್ ಮುಗಿಸಿಬಿಡುತ್ತೇವೆ. ಎಲ್‌ಎಲ್‌ಎಂಗೆ ಬಂದಾಗ ತೌಲನಿಕ ಕಾನೂನು ಎಂಬ ಹೆಸರು ಕಿವಿಗೆ ಬಿದ್ದರೆ ಪುಣ್ಯ. ಮೊದಲನೆಯ ಪಂಗಡದವರಿಗೆ ದೇಶದೊಳಗಿನ ಕಾನೂನು ಸಾಕ್ಷ್ಯ ಹೇಳಿ ಹೋಗಬೇಕಾದ ಒಂದು ಸಂಗತಿ, ಅಷ್ಟೆ. ಎರಡನೆಯವರಿಗೆ ಒಪ್ಪಂದ ಗಿಪ್ಪಂದವೆಲ್ಲ ರಾಯಭಾರಿಗಳ ಉಸಾಬರಿ. ಎದುರುಬದುರು ಕೋಣೆಗಳಲ್ಲಿ ಕೂತು, ಒಬ್ಬರ ಲೇಖನವನ್ನು ಇನ್ನೊಬ್ಬರು ಓದದೆಯೇ ನಿವೃತ್ತರಾದವರನ್ನು ನಾನು ಕಂಡಿದ್ದೇನೆ.

ವಿಶ್ವ ನ್ಯಾಯಾಲಯವನ್ನು ಕಟ್ಟುವಾಗ ಈ ಗೋಡೆ ಇರಲಿಲ್ಲ. 1920ರಲ್ಲಿ ಹೇಗ್‌ನಲ್ಲಿ ಸೇರಿದ ನ್ಯಾಯವೇತ್ತರ ಸಮಿತಿಗೆ ಒಂದು ಪ್ರಶ್ನೆ ಎದುರಾಯಿತು. ಒಪ್ಪಂದವೂ ಇಲ್ಲ, ರೂಢಿಯೂ ಇಲ್ಲ ಎಂಬಂಥ ಕೇಸು ಬಂದರೆ ನ್ಯಾಯಾಧೀಶ ಏನು ಮಾಡಬೇಕು? ಕಾನೂನೇ ಇಲ್ಲ ಎಂದು ಕೈ ತೊಳೆದುಕೊಳ್ಳಬೇಕೆ? ಬೆಲ್ಜಿಯಂನ ಬ್ಯಾರನ್ ಡೆಕಾಂ ಜನಾಂಗಗಳ ನ್ಯಾಯಪ್ರಜ್ಞೆಯನ್ನು ಆಧಾರವಾಗಿ ಹಿಡಿಯೋಣ ಎಂದರು. ಅಮೆರಿಕದ ಎಲಿಹು ರೂಟ್‌ಗೆ ಅದು ನ್ಯಾಯಾಧೀಶರ ಕೈಗೆ ಲಗಾಮಿಲ್ಲದ ಕುದುರೆ ಕೊಟ್ಟಂತೆ ಕಂಡಿತು. ಕೊನೆಗೆ ರೂಟ್ ಮತ್ತು ಇಂಗ್ಲೆಂಡಿನ ಲಾರ್ಡ್ ಫಿಲಿಮೋರ್ ಸೇರಿ ತಂದ ರಾಜಿಸೂತ್ರವೇ ನಾಗರಿಕ ರಾಷ್ಟ್ರಗಳು ಅಂಗೀಕರಿಸಿದ ಕಾನೂನಿನ ಸಾಮಾನ್ಯ ತತ್ವಗಳು. ಇಂದಿನ ನ್ಯಾಯಾಲಯದ ಶಾಸನದ 38ನೇ ವಿಧಿಯಲ್ಲೂ ಅದು ಹಾಗೇ ಕೂತಿದೆ. ಎಲ್ಲ ರಾಷ್ಟ್ರಗಳೂ ತಮ್ಮ ತಮ್ಮ ಕೋರ್ಟುಗಳಲ್ಲಿ ಒಪ್ಪಿ ನಡೆಸುವ ತತ್ವಗಳು ಎಂದು ಫಿಲಿಮೋರ್ ಅದಕ್ಕೆ ಅರ್ಥ ಹೇಳಿದರು. ಹಾಗಾದರೆ ದೇಶದೇಶಗಳ ಕಾನೂನನ್ನು ಪಕ್ಕಪಕ್ಕ ಇಟ್ಟು ನೋಡದೆ ಹೇಗ್‌ನ ನ್ಯಾಯಾಧೀಶ ಆ ಉಪವಿಧಿಯನ್ನು ಮುಟ್ಟುವಂತೆಯೇ ಇಲ್ಲ. ಹರ್ಷ್ ಲೌಟರ್‌ಪ್ಯಾಕ್ಟ್ 1927ರಲ್ಲೇ, ಅಂತರರಾಷ್ಟ್ರೀಯ ಕಾನೂನು ಖಾಸಗಿ ಕಾನೂನಿನಿಂದ ಎಷ್ಟೆಲ್ಲ ಸಾಲ ತಂದಿದೆ ಎಂದು ಒಂದು ಪುಸ್ತಕವನ್ನೇ ಬರೆದರು. ಅದನ್ನು ಮೊದಲು ಓದು.

ಇದು ಕಾಗದದ ಮೇಲಿನ ಮಾತಾಯಿತು. ಕೇಸಿನಲ್ಲಿ ಹೇಗಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ದಾದ್ರಾ ಮತ್ತು ನಗರ ಹವೇಲಿ ಪೋರ್ಚುಗೀಸರ ಕೈಲಿದ್ದ ಎರಡು ತುಣುಕು ನೆಲ. ಸುತ್ತ ಭಾರತ, ಸಮುದ್ರ ಸೇರಬೇಕಾದರೆ ನಮ್ಮ ನೆಲ ದಾಟಿ ದಮನ್‌ಗೆ ಹೋಗಬೇಕು. 1954ರ ಜುಲೈ–ಆಗಸ್ಟ್‌ನಲ್ಲಿ ಅಲ್ಲಿ ಬಂಡಾಯವೆದ್ದು ಪೋರ್ಚುಗೀಸ್ ಆಡಳಿತ ಬಿದ್ದುಹೋಯಿತು. ಭಾರತ ದಾರಿ ಬಿಡಲಿಲ್ಲ. ಪೋರ್ಚುಗಲ್ ವಿಶ್ವಸಂಸ್ಥೆಯ ಸದಸ್ಯನಾದದ್ದು 1955ರ ಡಿಸೆಂಬರ್ 14ಕ್ಕೆ. ಅದೇ ತಿಂಗಳು 22ಕ್ಕೆ ಹೇಗ್‌ನಲ್ಲಿ ಭಾರತದ ಮೇಲೆ ದಾವೆ ಹೂಡಿಯೇಬಿಟ್ಟಿತು. ಅದರ ವಾದ ಕೇಳಿದರೆ ನಮ್ಮೂರ ಮುನ್ಸೀಫ್ ಕೋರ್ಟಿನ ವಕೀಲರಿಗೂ ಪರಿಚಿತ ಅನ್ನಿಸುತ್ತದೆ: ನಾಲ್ಕೂ ಕಡೆ ಬೇರೆಯವರ ಜಮೀನು ಇರುವ ಹೊಲಕ್ಕೆ ದಾರಿ ಬಿಡಲೇಬೇಕು, ಇದು ಜಗತ್ತಿನ ಎಲ್ಲ ಕಾನೂನಿನಲ್ಲೂ ಇದೆ. ಪುರಾವೆಗೆ ಮಾಕ್ಸ್ ರೈನ್‌ಸ್ಟೈನ್ ಎಂಬ ದೊಡ್ಡ ತೌಲನಿಕ ವಿದ್ವಾಂಸರಿಂದ 64 ಕಾನೂನು ವ್ಯವಸ್ಥೆಗಳ ಅಧ್ಯಯನ ಬರೆಸಿ ಕಡತಕ್ಕೆ ಸೇರಿಸಿತು.

64! ಓದುವ ಯಾರಿಗೂ ಇನ್ನೇನು ಬೇಕು ಅನ್ನಿಸುತ್ತದೆ. ನಿಧಾನಿಸು. ಆ ಕಾನೂನುಗಳಲ್ಲಿ ಮೂರನ್ನೇ ಬಿಡಿಸಿ ನೋಡೋಣ. ಫ್ರಾನ್ಸಿನ ಸಿವಿಲ್ ಸಂಹಿತೆಯ 682ನೇ ವಿಧಿಯ ಪ್ರಕಾರ ದಾರಿಯಿಲ್ಲದ ಜಮೀನಿನವನು ನೆರೆಯವನಿಗೆ ಪರಿಹಾರ ಕೊಟ್ಟು ದಾರಿ ಕೇಳಬಹುದು. ಜಮೀನು ಕಟ್ಟಿಬಿದ್ದಿದೆ ಎಂಬುದೇ ಹಕ್ಕಿಗೆ ಆಧಾರ. ಜರ್ಮನಿಯ ಸಂಹಿತೆಯ 917ನೇ ಸೆಕ್ಷನ್ ಹೆಚ್ಚುಕಡಿಮೆ ಅದೇ ಹಾದಿ. ಅಲ್ಲಿ ವರ್ಷವರ್ಷವೂ ದಾರಿಬಾಡಿಗೆ ಕೊಡಬೇಕು. ಇಂಗ್ಲೆಂಡಿಗೆ ಬಾ, ಅದರ ಬೆನ್ನಿಗೆ ಬಂದ ನಮ್ಮ 1882ರ ಈಸ್‌ಮೆಂಟ್ ಕಾಯಿದೆಯ 13ನೇ ಸೆಕ್ಷನ್‌ಗೆ ಬಾ. ಇಲ್ಲಿ ಜಮೀನು ಕಟ್ಟಿಬಿದ್ದಿದ್ದರೆ ಸಾಲದು. ಎರಡೂ ಜಮೀನು ಹಿಂದೆ ಒಬ್ಬನದೇ ಆಗಿರಬೇಕು, ಮಾರಾಟದಲ್ಲೋ ಪಾಲುಪಟ್ಟಿಯಲ್ಲೋ ಒಡೆದಿರಬೇಕು. ಕೊಟ್ಟವನು ದಾರಿಯನ್ನೂ ಸೇರಿಸಿಯೇ ಕೊಟ್ಟ ಎಂದು ಕಾನೂನು ಊಹಿಸುತ್ತದೆ. ಫಲ ಒಂದೇ, ಹೊಲಕ್ಕೆ ದಾರಿ. ಬೇರು ಬೇರೆ. ಒಂದು ಕಡೆ ನೆರೆಹೊರೆಯ ಕರ್ತವ್ಯ, ಇನ್ನೊಂದು ಕಡೆ ಕೊಟ್ಟವನ ಮಾತು.

ಬೇರು ಯಾವುದಾದರೇನು ಅನ್ನಬೇಡ. ಇದೇ ದಾವೆಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಪೋರ್ಚುಗೀಸರಿಗೆ ಆ ಹಳ್ಳಿಗಳು ಬಂದದ್ದು ಮರಾಠರಿಂದ: 1779ರ ಪುಣೆ ಒಪ್ಪಂದ, ಆಮೇಲೆ 1783 ಮತ್ತು 1785ರ ಸನದುಗಳು. ನಮ್ಮ 13ನೇ ಸೆಕ್ಷನ್ ಕಣ್ಣಿನಿಂದ ನೋಡಿದರೆ ಮೊದಲ ಪ್ರಶ್ನೆಯೇ, ಮರಾಠರು ಕೊಟ್ಟದ್ದು ಏನನ್ನು ಎಂಬುದು. ನ್ಯಾಯಾಲಯ ಆ ಸನದುಗಳನ್ನು ಓದಿ, ಅವು ಕೊಟ್ಟದ್ದು ಕಂದಾಯ ಎತ್ತುವ ಜಹಗೀರು, ಅಂದರೆ ಸರಂಜಾಮು, ಸಾರ್ವಭೌಮತ್ವ ಅಲ್ಲ ಎಂದಿತು. ಫ್ರೆಂಚ್ ಕಣ್ಣಿಗೆ ಈ ಸನದುಗಳ ಗೋಜೇ ಬೇಕಿಲ್ಲ. 64ರ ಪಟ್ಟಿಯಲ್ಲಿ ಎರಡೂ ಒಂದೊಂದು ಗುರುತಾಗಿ, ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

1960ರ ಏಪ್ರಿಲ್ 12ಕ್ಕೆ ತೀರ್ಪು ಬಂತು. ಬ್ರಿಟಿಷರ ಕಾಲದಿಂದ ಒಂದೂಕಾಲು ಶತಮಾನಕ್ಕೂ ಹೆಚ್ಚು ನಡೆದುಬಂದ ಪರಿಪಾಠವೇ ಈ ಎರಡು ದೇಶಗಳ ನಡುವಿನ ಸ್ಥಳೀಯ ರೂಢಿ ಎಂದು ನ್ಯಾಯಾಲಯ ಹೇಳಿ, ಸಾಮಾನ್ಯ ತತ್ವಗಳ ಗೊಡವೆಗೇ ಹೋಗಲಿಲ್ಲ. ಖಾಸಗಿ ಜನ, ಸಿವಿಲ್ ಅಧಿಕಾರಿಗಳು, ಸರಕಿಗೆ ದಾರಿ ಉಂಟು. ಸೇನೆ, ಶಸ್ತ್ರಸಜ್ಜಿತ ಪೊಲೀಸು, ಮದ್ದುಗುಂಡಿಗೆ ಇಲ್ಲ. ಎರಡನೆಯದು 8–7ರ ಬಹುಮತ, ಕೂದಲೆಳೆ. 1954ರಲ್ಲಿ ದಾರಿ ತಡೆದದ್ದರಲ್ಲಿ ಭಾರತದ ಲೋಪವಿಲ್ಲ ಎಂದೂ ಹೇಳಿತು. ರೈನ್‌ಸ್ಟೈನ್ ಪಟ್ಟ ಶ್ರಮ ಬಹುಮತದ ತೀರ್ಪಿನಲ್ಲಿ ಕೆಲಸಕ್ಕೆ ಬರಲಿಲ್ಲ.

ನನ್ನನ್ನು ಕೇಳಿದರೆ, ಬಾರದಿದ್ದದ್ದೇ ಒಳ್ಳೆಯದಾಯಿತು. ಆ ಅಧ್ಯಯನ ಕಳಪೆಯಾಗಿತ್ತು ಎಂದಲ್ಲ. ರೈತನ ಬಂಡಿ ದಾಟುವ ಹಕ್ಕಿಗೂ ವಸಾಹತು ದೊರೆಯ ಪಡೆ ದಾಟುವ ಹಕ್ಕಿಗೂ ನಡುವೆ ಇರುವ ಅಂತರವನ್ನು ಎಷ್ಟು ದೇಶಗಳ ಸಂಹಿತೆ ಪೇರಿಸಿದರೂ ತುಂಬಲಾಗದು. ತಲೆ ಎಣಿಸಿ ಸಾಮ್ಯ ಕಂಡರೆ ಕೆಲಸ ಅರ್ಧ ಮುಗಿಯಿತು. ಆ ತತ್ವ ದೇಶದೇಶಗಳ ನಡುವಿನ ವ್ಯವಹಾರಕ್ಕೆ ಒಗ್ಗುತ್ತದೆಯೇ ಎಂಬುದು ಉಳಿದರ್ಧ. ನೈಋತ್ಯ ಆಫ್ರಿಕಾದ ಕುರಿತ 1950ರ ಸಲಹಾ ಅಭಿಪ್ರಾಯದಲ್ಲಿ ನ್ಯಾಯಮೂರ್ತಿ ಮೆಕ್‌ನೇರ್ ಇದನ್ನೇ ಹೇಳಿದ್ದರು: ಖಾಸಗಿ ಕಾನೂನಿನ ಸಂಸ್ಥೆಯೊಂದನ್ನು ಬುಡಸಮೇತ ಕಿತ್ತು ತಂದು ನೆಡುವುದಲ್ಲ, ಅದರಲ್ಲಿ ಕಾಣುವ ನೀತಿಯನ್ನು ಸೂಚನೆಯಾಗಿ ತೆಗೆದುಕೊಳ್ಳುವುದು. ಬಾರ್ಸಿಲೋನಾ ಟ್ರ್ಯಾಕ್ಷನ್ ತೀರ್ಪು (1970) ಹೇಗಿದ್ದರೂ ನಿನ್ನ ಪಠ್ಯದಲ್ಲಿದೆ. ಕಂಪನಿ ಬೇರೆ, ಷೇರುದಾರ ಬೇರೆ ಎಂಬ ಮಾತನ್ನು ನ್ಯಾಯಾಲಯ ಯಾವುದೋ ಒಂದು ದೇಶದಿಂದ ತರದೆ, ದೇಶಗಳ ಕಾನೂನಿನಲ್ಲಿ ಸಾಮಾನ್ಯವಾಗಿ ಒಪ್ಪಿತವಾದದ್ದು ಎಂದು ತಂದಿತು. ತಂದದ್ದು ಸರಿ. ಯಾವ ಯಾವ ದೇಶ ನೋಡಿದೆವು ಎಂದು ಹೇಳದೆ ತಂದದ್ದು ಮಾತ್ರ ನನಗೆ ಇವತ್ತಿಗೂ ಸರಿಕಾಣುವುದಿಲ್ಲ.

ಯಾವ ದೇಶ ಎಂಬುದೇ ದೊಡ್ಡ ಪ್ರಶ್ನೆ. 1920ರಲ್ಲಿ 'ನಾಗರಿಕ' ಎಂದಾಗ ಆ ಪಂಕ್ತಿಯಲ್ಲಿ ನಮಗೆ ಎಲೆ ಹಾಕಿರಲಿಲ್ಲ. 1950ರ ದಶಕದಲ್ಲಿ ಮದ್ರಾಸು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸಿ.ಎಚ್. ಅಲೆಕ್ಸಾಂಡ್ರೊವಿಚ್, ಐರೋಪ್ಯರು ಬಂದು ಕಲಿಸುವ ಮೊದಲೇ ಪೂರ್ವದ ರಾಜ್ಯಗಳಲ್ಲಿ ರಾಷ್ಟ್ರಗಳ ಕಾನೂನು ಇತ್ತು ಎಂದು ಹಳೆಯ ಒಪ್ಪಂದಗಳನ್ನು ಕೆದಕಿ ತೋರಿಸಿದರು. ಆ ಪುಸ್ತಕ 1967ರದು. ಈಗ ಅಂತರರಾಷ್ಟ್ರೀಯ ಕಾನೂನು ಆಯೋಗ 2023ರ ಕರಡಿನಲ್ಲಿ 'ನಾಗರಿಕ' ಎಂಬುದನ್ನು ಬಿಟ್ಟು ರಾಷ್ಟ್ರಗಳ ಸಮುದಾಯ ಎಂದಿದೆ, ಹೋಲಿಕೆ ವಿಶಾಲವಾಗಿರಬೇಕು, ಜಗತ್ತಿನ ಬೇರೆ ಬೇರೆ ಪ್ರದೇಶಗಳನ್ನು ಒಳಗೊಂಡಿರಬೇಕು ಎಂದಿದೆ. ಇಷ್ಟಾದರೂ ಮೋಸಹೋಗಬೇಡ. ಭಾರತ, ಕೆನ್ಯಾ, ಮಲೇಷ್ಯಾ ಎಂದು ಮೂರು ಪ್ರದೇಶ ತೋರಿಸುವಂತೆ ಬರೆದು, ಮೂರರಲ್ಲೂ ಇಂಗ್ಲಿಷ್ ಕಾಮನ್ ಲಾವನ್ನೇ ಉದ್ಧರಿಸಿದರೆ ನೀನು ತಂದದ್ದು ಒಬ್ಬನೇ ಸಾಕ್ಷಿ, ಅಂಗಿ ಮಾತ್ರ ಮೂರು.

ಇನ್ನು ನಿನ್ನ ವಿಷಯ, ವಿದೇಶಿ ಸರ್ಕಾರದ ಮೇಲೆ ನಮ್ಮ ಕೋರ್ಟಿನಲ್ಲಿ ದಾವೆ ನಡೆಯುತ್ತದೆಯೇ ಎಂಬುದು. ಸಿನಾಪ್ಸಿಸ್‌ನಲ್ಲಿ ಹದಿನೆಂಟು ದೇಶಗಳ ಪಟ್ಟಿ ಕೊಟ್ಟಿದ್ದೀ, ಆ ಹದಿನೆಂಟೇ ಯಾಕೆ ಎಂಬುದಕ್ಕೆ ಒಂದು ಸಾಲಿಲ್ಲ. ಜರ್ಮನಿ–ಇಟಲಿ ಕೇಸಿನಲ್ಲಿ (2012) ಹೇಗ್‌ನ ನ್ಯಾಯಾಲಯ ಏನು ಮಾಡಿತು ನೋಡು. ಯುದ್ಧಕಾಲದ ಅಪರಾಧಗಳಿಗೆ ಜರ್ಮನಿಯ ಮೇಲೆ ಇಟಲಿಯ ಕೋರ್ಟುಗಳು ದಾವೆ ತೆಗೆದುಕೊಂಡದ್ದು ಸರಿಯೇ ಎಂದು ತೀರ್ಮಾನಿಸಲು ದೇಶದೇಶಗಳ ಕಾಯಿದೆ, ತೀರ್ಪುಗಳನ್ನು ಒಂದೊಂದಾಗಿ ತಿರುವಿ ಹಾಕಿತು. ರೂಢಿ ಎಂದರೆ ಅದೇ ತಾನೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಸೆಕ್ಷನ್ ಇದೆಯಲ್ಲ, ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ವಿದೇಶಿ ರಾಜ್ಯದ ಮೇಲೆ ದಾವೆ ಹೂಡಬಾರದು ಎನ್ನುವುದು, ಅದು ಸಹ ಅಂಥ ಎಣಿಕೆಗೆ ಬರುವ ಸರಕು. ಆದರೆ ಬರೀ ಸೆಕ್ಷನ್ ಓದಿದರೆ ಎಲ್ಲವನ್ನೂ ಸರ್ಕಾರದ ಮರ್ಜಿಗೆ ಬಿಟ್ಟಂತೆ ಕಾಣುತ್ತದೆ. ಒಪ್ಪಿಗೆ ಕೊಡುವ, ನಿರಾಕರಿಸುವ ಪದ್ಧತಿ ಹೇಗಿದೆ, ನಿರಾಕರಿಸಿದಾಗ ಹೈಕೋರ್ಟುಗಳು ಏನೆನ್ನುತ್ತವೆ ಎಂದು ನೋಡದೆ 'ಭಾರತದ ನಿಲುವು' ಎಂದು ಬರೆಯಬೇಡ. ನಮ್ಮ ದೇಶಕ್ಕೇ ಇಷ್ಟು ಬೇಕಾದರೆ ಉಳಿದ ಹದಿನೇಳಕ್ಕೆ? ನಾಲ್ಕು ಸಾಕು. ಆ ನಾಲ್ಕು ಯಾಕೆ ಎಂದು ಎರಡು ಪುಟ ಬರೆ. ಇಟಲಿ ಅದರಲ್ಲಿ ಇರಲಿ, ಯಾಕೆಂದರೆ 2014ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಗ್‌ನ ತೀರ್ಪನ್ನು ತನ್ನ ನೆಲದಲ್ಲಿ ಜಾರಿ ಮಾಡಲು ಒಪ್ಪಲಿಲ್ಲ.

ಒಪ್ಪಂದ ಎಲ್ಲರಿಗೂ ಒಂದೇ, ಓದುವುದು ಮಾತ್ರ ಅವರವರ ಕನ್ನಡಕ ಹಾಕಿಕೊಂಡು. ವಿದೇಶಿ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ತೀರ್ಪುಗಳ ಕುರಿತ 1958ರ ನ್ಯೂಯಾರ್ಕ್ ಒಪ್ಪಂದದಲ್ಲಿ ಸಾರ್ವಜನಿಕ ನೀತಿಗೆ ವಿರುದ್ಧವಾದರೆ ಜಾರಿ ನಿರಾಕರಿಸಬಹುದು ಎಂದಿದೆ. ನಮ್ಮ ಸುಪ್ರೀಂ ಕೋರ್ಟ್ 1993ರ ರೇಣುಸಾಗರ್ ತೀರ್ಪಿನಲ್ಲಿ ಅದನ್ನು ಬಿಗಿಯಾಗಿ ಓದಿತು, 2011ರಲ್ಲಿ ಸಡಿಲಿಸಿತು, 2013ರ ಲಾಲ್ ಮಹಲ್ ತೀರ್ಪಿನಲ್ಲಿ ಮತ್ತೆ ಬಿಗಿಮಾಡಿತು. ಒಂದು ಅಕ್ಷರವೂ ಬದಲಾಗದೆ ಒಪ್ಪಂದ ಒಂದೇ ದೇಶದಲ್ಲಿ ಎರಡು ಸಲ ಬದಲಾಯಿತು. ಈ ಬಗೆಯ ಓದಿಗೆ ಈಗ ತೌಲನಿಕ ಅಂತರರಾಷ್ಟ್ರೀಯ ಕಾನೂನು ಎಂಬ ಹೆಸರಿದೆ. ಆಂಥಿಯಾ ರಾಬರ್ಟ್ಸ್ 2017ರ ಪುಸ್ತಕದಲ್ಲಿ, ಅಂತರರಾಷ್ಟ್ರೀಯ ಕಾನೂನಿನ ಪಾಠ ಕೂಡ ದೇಶದಿಂದ ದೇಶಕ್ಕೆ ಬೇರೆ ಎಂದು ಪ್ರಾಧ್ಯಾಪಕರು, ಪಠ್ಯಪುಸ್ತಕಗಳ ಸಮೇತ ತೋರಿಸಿದ್ದಾರೆ. ಪುಸ್ತಕ ಒಳ್ಳೆಯದು. ಅವರು ಮುಖ್ಯವಾಗಿ ನೋಡಿದ್ದು ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರನ್ನು. ನಮ್ಮಂಥವರ ಭಾಗ ಇನ್ನೂ ಬರೆಯಬೇಕಾಗಿದೆ, ಬೇಕಾದರೆ ನೀನೇ ಬರೆ.

ನಮ್ಮ ಕೋರ್ಟುಗಳು ಅಂತರರಾಷ್ಟ್ರೀಯ ಕಾನೂನು, ಪರದೇಶದ ಕಾನೂನು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತವೆ ಎಂಬುದನ್ನೂ ಗಮನಿಸು. 1997ರ ವಿಶಾಖಾ ತೀರ್ಪಿನಲ್ಲಿ ಮಹಿಳಾ ತಾರತಮ್ಯ ನಿರ್ಮೂಲನಾ ಒಪ್ಪಂದವೂ ಬರುತ್ತದೆ, ಆಸ್ಟ್ರೇಲಿಯಾದ ಹೈಕೋರ್ಟಿನ ತಿಯೋ ತೀರ್ಪೂ ಬರುತ್ತದೆ. ಮೊದಲನೆಯದು ಭಾರತ ಸಹಿ ಹಾಕಿ ಸ್ಥಿರೀಕರಿಸಿದ ಬಾಧ್ಯತೆ. ಎರಡನೆಯದು ನೆರವಿಗೆ ಕರೆದ ವಾದ, ಅದಕ್ಕೆ ನಮ್ಮ ಮೇಲೆ ಯಾವ ಹಿಡಿತವೂ ಇಲ್ಲ. ತೀರ್ಪಿನ ಫಲ ಒಳ್ಳೆಯದಾದ್ದರಿಂದ ಈ ಭೇದವನ್ನು ಯಾರೂ ಕೇಳುವುದಿಲ್ಲ. ಥೀಸಿಸ್ ಬರೆಯುವವಳು ಕೇಳಬೇಕು.

ತೌಲನಿಕ, ಅಂತರರಾಷ್ಟ್ರೀಯ ಎರಡೂ ಕೆಲಸವನ್ನು ಒಬ್ಬರೇ ಮಾಡಿದ ಉದಾಹರಣೆ ಬೇಕಾದರೆ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರನ್ನು ಓದು. ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿದರು. 'ಡ್ಯೂ ಪ್ರೊಸೆಸ್' ಸೇರಿಸಿದರೆ ಶಾಸಕಾಂಗದ ಮೇಲೆ ನ್ಯಾಯಾಧೀಶರ ಸವಾರಿಯಾಗುತ್ತದೆ ಎಂದು ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರಿಗೆ ಹೇಳಿದರು. ಕೊನೆಗೆ ನಮ್ಮ 21ನೇ ಅನುಚ್ಛೇದಕ್ಕೆ ಬಂದ ಮಾತುಗಳಿಗೆ ಜಪಾನಿನ ಸಂವಿಧಾನದ 31ನೇ ವಿಧಿ ಮಾದರಿ. ಆ ಸಂವಿಧಾನವನ್ನು ಬರೆಸಿದವರು ಮತ್ತೆ ಅಮೆರಿಕನ್ನರೇ! ಬಿಟ್ಟುಬಂದ ಸರಕು 1978ರಲ್ಲಿ ಮೇನಕಾ ಗಾಂಧಿ ತೀರ್ಪಿನ ಮೂಲಕ ಹಿತ್ತಿಲ ಬಾಗಿಲಿಂದ ಒಳಗೆ ಬಂತು. ರಾಯರು ಆಮೇಲೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ, ಅಂತರರಾಷ್ಟ್ರೀಯ ಕಾನೂನು ಆಯೋಗದ ಸದಸ್ಯ, 1952ರಿಂದ ಹೇಗ್‌ನಲ್ಲಿ ನ್ಯಾಯಾಧೀಶ. ಮರುವರ್ಷವೇ ತೀರಿಕೊಂಡರು. ಸಂವಿಧಾನ ಸಭೆಗಾಗಿ ಅವರು ಬರೆದ ಟಿಪ್ಪಣಿಗಳನ್ನು ನೋಡು. ಯಾವ ದೇಶದ್ದನ್ನು ಯಾಕೆ ತರುತ್ತಿದ್ದೇನೆ ಎಂಬ ಎಚ್ಚರ ಎದ್ದು ಕಾಣುತ್ತದೆ.

ಕೊನೆಗೆ ಭಾಷೆಯ ಮಾತು. ಇಟಲಿಯ ತೀರ್ಪಿನ ಇಂಗ್ಲಿಷ್ ಅನುವಾದ ಸಿಗುತ್ತದೆ, ಅದರ ಸುತ್ತ ಅಲ್ಲಿನ ವಿದ್ವಾಂಸರು ಆಡಿದ ಜಗಳವೆಲ್ಲ ಸಿಗುವುದಿಲ್ಲ. ಅದಿಲ್ಲದೆ ಆ ಅಧ್ಯಾಯಕ್ಕೆ ಜೀವ ಬಾರದು. ಇಟಾಲಿಯನ್ ಕ್ಲಾಸಿಗೆ ಈಗಲೇ ಸೇರು. ಗೈಡ್ ಜೊತೆ ಮಾತಾಡಿ ಆ ಅಧ್ಯಾಯವನ್ನು ಕೊನೆಯ ವರ್ಷಕ್ಕೆ ತಳ್ಳು. ಅವರು ಒಪ್ಪದಿದ್ದರೆ ಇಟಲಿಯನ್ನು ಬಿಟ್ಟು, ಮೂರೇ ದೇಶ ಇಟ್ಟುಕೊಂಡು ಬರೆ.