ಇಸಿಜಿ ನಾರ್ಮಲ್ ಎಂದರೆ ಯಾವ ದಿಕ್ಕಿನಿಂದ?

"ಎದೆನೋವು ಅಂತ ಹೋಗಿದ್ವಿ, ಇಸಿಜಿ ನಾರ್ಮಲ್ ಇದೆಯಂತೆ, ಗ್ಯಾಸ್ಟ್ರಿಕ್ ಅಂದ್ರು." ಊರಿನಿಂದ ಹೀಗೆ ಫೋನು ಬಂದರೆ ಉಪ್ಸಾಲಾದಲ್ಲಿರುವ ನಮಗೆಲ್ಲ ನಿರಾಳ. ನಾವು ವೈದ್ಯರಲ್ಲ, ಸಾಫ್ಟ್‌ವೇರ್ ಕೆಲಸದವರು. ಆದರೆ ಇಸಿಜಿ ಮೂಲತಃ ಒಂದು ಸಿಗ್ನಲ್; ಆ ಧೈರ್ಯದಿಂದ ಅದರ ಲೆಕ್ಕವನ್ನು ಬಂಧುಗಳ ಮುಂದಿಡುತ್ತಿದ್ದೇವೆ.

ಮೈಗೆ ಅಂಟಿಸುವುದು 10 ಎಲೆಕ್ಟ್ರೋಡ್, ಕಾಗದದ ಮೇಲೆ ಮೂಡುವುದು 12 ಲೀಡ್. ಲೀಡ್ ಎಂದರೆ ಇಲ್ಲಿ ತಂತಿಯಲ್ಲ, ಹೃದಯವನ್ನು ನೋಡುವ ಒಂದು ದಿಕ್ಕು. ಕೈಕಾಲುಗಳಿಂದ ಸಿಗುವ 6 ಲೀಡ್‌ಗಳಲ್ಲಿ ಎರಡು ಗೊತ್ತಿದ್ದರೆ ಉಳಿದ ನಾಲ್ಕನ್ನು ಲೆಕ್ಕ ಹಾಕಿಯೇ ಪಡೆಯಬಹುದು. ಒಂದನೆಯದಕ್ಕೆ ಮೂರನೆಯದನ್ನು ಕೂಡಿಸಿದರೆ ಎರಡನೆಯದು. ಇದು 1924ರಲ್ಲಿ ನೊಬೆಲ್ ಪಡೆದ ಐಂಥೋವನ್ ಅವರ ಸೂತ್ರ.

ಹೃದಯಾಘಾತದ ಗುರುತಾದ ಎಸ್‌ಟಿ ಏರಿಕೆಯನ್ನು ನೆರೆಹೊರೆಯ ಎರಡು ಲೀಡ್‌ಗಳಲ್ಲಿ ಹುಡುಕುತ್ತಾರೆ. ನಮ್ಮ ದೇಶದ ಕಾಗದದಲ್ಲಿ ಆ ನೆರೆಯವರು ಚೆಲ್ಲಾಪಿಲ್ಲಿ. ಸ್ವೀಡನ್ನಿನಲ್ಲಿ ಮಾತ್ರ ಕಬ್ರೇರಾ ಕ್ರಮವೇ ರೂಢಿ: ಎವಿಎಲ್, ಒಂದು, ತಲೆಕೆಳಗು ಮಾಡಿದ ಎವಿಆರ್, ಎರಡು, ಎವಿಎಫ್, ಮೂರು. ಒಂದೊಂದರ ನಡುವೆ 30 ಡಿಗ್ರಿ, ಬೀದಿಯ ಮನೆ ನಂಬರಿನಂತೆ. ಹೊಸ ತಂತಿ ಬೇಡ, ಖರ್ಚೂ ಇಲ್ಲ. ಬೇರೆ ದೇಶಗಳು ಇದನ್ನೇಕೆ ಒಪ್ಪಲಿಲ್ಲವೋ, ಬಹುಶಃ ಕಣ್ಣಿನ ಅಭ್ಯಾಸ!

ಆದರೆ ಜೋಡಣೆಯಿಂದ ಎಲ್ಲವೂ ಬಗೆಹರಿಯುವುದಿಲ್ಲ. ಹೃದಯದ ಹಿಂಗೋಡೆಯನ್ನು ಈ 12ರಲ್ಲಿ ಯಾವುದೂ ನೇರವಾಗಿ ನೋಡುವುದಿಲ್ಲ. ಸರ್ಕಮ್‌ಫ್ಲೆಕ್ಸ್ ರಕ್ತನಾಳ ಕಟ್ಟಿಕೊಂಡಾಗ ಇಸಿಜಿ ಸುಮ್ಮನಿರಬಹುದು, ಇಲ್ಲವೇ ವಿ1ರಿಂದ ವಿ3ರಲ್ಲಿ ಎಸ್‌ಟಿ ಇಳಿಕೆಯಷ್ಟೇ ಕಾಣಬಹುದು. ಆಗ ಎದೆಯ ಮೂರು ತಂತಿಗಳನ್ನು ಬೆನ್ನಿಗೆ ಸರಿಸಿ ವಿ7, ವಿ8, ವಿ9 ತೆಗೆಯುತ್ತಾರೆ. ಅಲ್ಲಿ ಅರ್ಧ ಮಿಲಿಮೀಟರ್ ಏರಿಕೆಯೂ ಲೆಕ್ಕಕ್ಕೆ ಬರುತ್ತದೆ. ಹೃದಯದ ತಳಭಾಗದ ಆಘಾತವಾದರೆ ಎದೆಯ ಬಲಗಡೆಯ ವಿ4ಆರ್ ಬೇಕು. ಬಲ ಹೃತ್ಕುಕ್ಷಿಗೂ ಪೆಟ್ಟಾಗಿದ್ದರೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್‌ನಿಂದ ರಕ್ತದೊತ್ತಡ ಕುಸಿಯುವ ಅಪಾಯವಿದೆ.

ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಬಹಳ ಒಳ್ಳೆಯ ಕೆಲಸ. ಆದರೆ ದೂರದ ತಜ್ಞರಿಗೆ ಕಾಣುವುದು ಇಲ್ಲಿ ತೆಗೆದ ಲೀಡ್‌ಗಳಷ್ಟೇ.

ಆದ್ದರಿಂದ ಮುಂದಿನ ಸಲ ಅಂಥ ಫೋನು ಬಂದಾಗ ಮೂರು ಮಾತು ಕೇಳಿ: ನೋವು ನಿಂತಿದೆಯೇ? ನಿಲ್ಲದಿದ್ದರೆ 15–30 ನಿಮಿಷ ಬಿಟ್ಟು ಮತ್ತೊಮ್ಮೆ ಇಸಿಜಿ ತೆಗೆದರೇ? ಟ್ರೋಪೋನಿನ್ ರಕ್ತಪರೀಕ್ಷೆ ಆಯಿತೇ? ಸಂದೇಹ ಉಳಿದರೆ "ಡಾಕ್ಟ್ರೇ, ಬೆನ್ನಿನ ಲೀಡ್ ಒಮ್ಮೆ ನೋಡ್ತೀರಾ?" ಎಂದು ವಿನಯದಿಂದ ಕೇಳಲು ಮನೆಯವರಿಗೆ ಹೇಳಿ. ಮನೆಯಲ್ಲೇ ನೋವು ಶುರುವಾದರೆ ಅಲ್ಲಿ 108, ಇಲ್ಲಿ 112.