ಇಂದಿನ ಚಿಂತನೆ: ಮರಿ ಹಾಕುವ ಹಾವು



ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ ‘ಕೊಳಕುಮಂಡಲ ಮರಿ ಹಾಕುತ್ತದೆ, ನಮ್ಮ ಹೊಲದಲ್ಲಿ ನೋಡಿದ್ದೇನೆ’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ಹಾವು ಅಂಡಜ’ ಎಂದು ತಿದ್ದಿದೆ. ಕನ್ನಡ ಮೇಷ್ಟ್ರಿಗೆ ನಿಘಂಟೇ ಪ್ರಮಾಣ! ಸಂಜೆ ವಿಜ್ಞಾನದ ಮೇಡಂ ನನ್ನನ್ನೇ ತಿದ್ದಿದರು.

ನಾಗರ, ಕೇರೆ ಮೊಟ್ಟೆ ಇಡುತ್ತವೆ. ಕಪ್ಪೆಯ ಮೊಟ್ಟೆಗೆ ನೀರೋ ತೇವವೋ ಬೇಕು. ಹಾವಿನದಕ್ಕೆ ತೊಗಲಿನಂಥ ಚಿಪ್ಪಿರುವುದರಿಂದ ನೆಲವೇ ಸಾಕು. ಹಕ್ಕಿಯಂತೆ ಕಾವು ಕೊಡುವುದು ಹೆಬ್ಬಾವಿನಂಥ ಕೆಲವು ಮಾತ್ರ. ಕಾಳಿಂಗವಾದರೆ ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟಿ ಕಾಯುತ್ತದೆ. ಕೊಳಕುಮಂಡಲ ಮೊಟ್ಟೆಗಳನ್ನು ಒಡಲಲ್ಲೇ ಇಟ್ಟುಕೊಳ್ಳುತ್ತದೆ. ಒಳಗಿನ ಮರಿ ಬೆಳೆಯುವುದು ಹೆಚ್ಚಾಗಿ ಮೊಟ್ಟೆಯ ಹಳದಿಯಿಂದ. ಕೊನೆಗೆ ತೆಳುಪೊರೆ ಹರಿದುಕೊಂಡು ಹೊರಬರುತ್ತವೆ, ಸಾಮಾನ್ಯವಾಗಿ 20ರಿಂದ 40. ಹಸುವಿನ ಕರುವಿಗಿರುವ ಹಾಲಿಲ್ಲ, ನೆಕ್ಕುವ ತಾಯಿಯಿಲ್ಲ, ಹುಟ್ಟುವಾಗಲೇ ವಿಷವಿದೆ.

ರಾತ್ರಿ ಮಜ್ಝಿಮ ನಿಕಾಯದ ಮಹಾಸೀಹನಾದ ಸುತ್ತ ತೆರೆದೆ. ನಾಲ್ಕು ಯೋನಿಗಳು: ಅಂಡಜ, ಜಲಾಬುಜ, ಸಂಸೇದಜ, ಓಪಪಾತಿಕ. ಚಿಪ್ಪೊಡೆದು ಹುಟ್ಟಿದ್ದು ಅಂಡಜ, ಪೊರೆ ಹರಿದು ಹುಟ್ಟಿದ್ದು ಜಲಾಬುಜ. ಹಾವೆಲ್ಲ ಅಂಡಜವೆಂದು ಅಲ್ಲಿಲ್ಲ. ಆ ಅಳತೆಯಲ್ಲಿ ಕೊಳಕುಮಂಡಲ ಜಲಾಬುಜವೇ! ಸಂಯುತ್ತ ನಿಕಾಯದ ನಾಗಸಂಯುತ್ತವಂತೂ ನಾಗಗಳಿಗೆ ನಾಲ್ಕೂ ಬಗೆಯ ಹುಟ್ಟು ಹೇಳುತ್ತದೆ. (ಅವು ದಿವ್ಯನಾಗಗಳು, ಇರಲಿ.) ಎಷ್ಟು ಸಲ ಓದಿದ್ದೆನೋ, ಹುಡುಗಿಯ ಸಾಲನ್ನು ಹೊಡೆಯುವಾಗ ಯಾವುದೂ ನೆನಪಾಗಲಿಲ್ಲ.

ನೋಟ್‌ಬುಕ್ ನನ್ನ ಚೀಲದಲ್ಲಿದೆ. ಇಂದು ಮೊದಲ ಪೀರಿಯಡ್ಡಿನಲ್ಲಿ ಆ ಸಾಲನ್ನು ಅವಳಿಂದಲೇ ಗಟ್ಟಿಯಾಗಿ ಓದಿಸುತ್ತೇನೆ.